ಶಾಸನಚಿತ್ರಗಳ ಸಂರಕ್ಷಣೆಯೂ ಗಣಕದ ಡಿಸ್ಕ್ ವಿಭಜನೆಯೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯವಾಗಿ ಸೇರಿವೆ. 2007ರಲ್ಲಿ ಈ ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದುವು. ಕಲ್ಲುಗಳೇನೂ ಕದಲಲಿಲ್ಲ, ಬದಲಾದುದು ಎಲ್ಲೆಯ ದಾಖಲೆ ಮಾತ್ರ. ಗಣಕದ ಹಾರ್ಡ್ ಡಿಸ್ಕಿನ ವಿಭಜನೆಯೂ ಬಹುಮಟ್ಟಿಗೆ ಇಂತಹುದೇ.

ಯಾವ ಭಾಗ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂಬ ಪಟ್ಟಿಯೊಂದು ಡಿಸ್ಕಿನ ಆರಂಭದಲ್ಲಿರುತ್ತದೆ. 1983ರಲ್ಲಿ ಬಳಕೆಗೆ ಬಂದ ಎಂಬಿಆರ್ ಪದ್ಧತಿಯಲ್ಲಿ ನಾಲ್ಕು ಮುಖ್ಯ ಭಾಗಗಳಿಗಷ್ಟೇ ಅವಕಾಶ. ಈಗಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಭಾಗಗಳಿಗೆ ಎಡೆಯುಂಟು. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ.

ಶಾಸನಗಳ ಛಾಯಾಚಿತ್ರಗಳನ್ನು ಸಂಗ್ರಹಿಸುವವರು ವಿಂಡೋಸ್ ಅಥವಾ ಲಿನಕ್ಸನ್ನು ಸ್ಥಾಪಿಸುವಾಗಲೇ ಕಾರ್ಯವ್ಯವಸ್ಥೆಗೆ ಒಂದು ಭಾಗವನ್ನೂ ಸಂಗ್ರಹಕ್ಕೆ ಇನ್ನೊಂದನ್ನೂ ಗೊತ್ತುಮಾಡುವುದು ಲೇಸು. ವ್ಯವಸ್ಥೆ ಕೆಟ್ಟಾಗ ಮೊದಲನೆಯ ಭಾಗವನ್ನಷ್ಟೇ ಅಳಿಸಿ ಮರುಸ್ಥಾಪಿಸಬಹುದು. ಚಿತ್ರಗಳು ತಮ್ಮ ಭಾಗದಲ್ಲಿ ಉಳಿಯುತ್ತವೆ. ಆದರೆ ಆ ಸಮಯದಲ್ಲಿ ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒತ್ತಿದರೆ ಎಲ್ಲೆಗಳೆಲ್ಲ ಹೋಗುತ್ತವೆ. ಒಳಗಿನ ಚಿತ್ರಗಳು ಒಡನೆ ಅಳಿಯದಿದ್ದರೂ ಗಣಕಕ್ಕೆ ಕಾಣವು. ಅವುಗಳ ಮೇಲೆ ಹೊಸ ಬರಹ ಬಿದ್ದ ಬಳಿಕ ಮರಳಿ ದೊರೆಯುವುದಿಲ್ಲ.

ಇಷ್ಟರಿಂದಲೇ ನಿಶ್ಚಿಂತರಾಗಲಾಗದು. ಭಾಗಗಳು ಎರಡಾದರೂ ಡಿಸ್ಕು ಒಂದೇ. ಅದು ಕೆಟ್ಟರೆ ಎರಡೂ ನಷ್ಟವಾಗಬಹುದು. ಕಲ್ಲು ಒಡೆದ ಅಥವಾ ಅಕ್ಷರ ಸವೆದ ಮೇಲೆ ಚಿತ್ರವೇ ನಮಗೆ ಉಳಿಯುವ ಆಧಾರ. ಆದಕಾರಣ ಬೇರೊಂದು ಡಿಸ್ಕಿನಲ್ಲಿ ಪ್ರತಿಯನ್ನಿರಿಸಿ, ಅದು ತೆರೆಯುವುದೆಂದು ಕಂಡುಕೊಂಡಲ್ಲದೆ ವಿಭಜನೆಗೆ ಕೈಹಾಕಬಾರದೆಂಬುದು ನಮ್ಮ ಅಭಿಪ್ರಾಯ.