ಏರ್‌ಗನ್ ಕೊಳ್ಳುವಾಗ .177 ಸಾಕೇ, .22 ಬೇಕೇ? ದೊಡ್ಡ ಗುಂಡಿನ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

"ಏರ್‌ಗನ್ ಅಂದ್ರೆ ಆಟಿಕೆ ಇದ್ದ ಹಾಗೆ, ಯಾವುದಕ್ಕೂ ಲೈಸೆನ್ಸ್ ಬೇಡ. ತಗೊಂಡರೆ ಪಾಯಿಂಟ್ ಟೂ ಟೂ ತಗೊಳ್ಳಿ, ಪವರ್ ಜಾಸ್ತಿ. ತೋಟಕ್ಕೆ ಬರೋ ಕೋತಿ, ಹಂದಿ, ನವಿಲು ಎಲ್ಲಾ ಓಡಿಹೋಗುತ್ತೆ."

ರೈತರ ಗುಂಪುಗಳಲ್ಲಿ, ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಇಂಥ ಸಂದೇಶ ನೀವೂ ನೋಡಿರಬಹುದು. ಇದರಲ್ಲಿ ಮೂರು ಮಾತುಗಳಿವೆ. ಲೈಸೆನ್ಸ್ ಬೇಡ ಎಂಬುದು ಒಂದು. ದೊಡ್ಡ ಗುಂಡಿಗೆ ಹೆಚ್ಚು ಶಕ್ತಿ ಎಂಬುದು ಎರಡನೆಯದು. ಬೆಳೆ ತಿನ್ನುವ ಪ್ರಾಣಿಗೆ ಹೊಡೆಯಬಹುದು ಎಂಬುದು ಮೂರನೆಯದು. ಮೂರನ್ನೂ ಒಂದೊಂದಾಗಿ ನೋಡೋಣ.

ಕ್ಯಾಲಿಬರ್ ಎಂದರೇನು?

ಬಂದೂಕಿನ ನಳಿಗೆಯ ಒಳ ಅಳತೆಯೇ ಕ್ಯಾಲಿಬರ್. .177 ಎಂದರೆ ಒಂದು ಇಂಚಿನ 0.177 ಭಾಗ, ಅಂದರೆ 4.5 ಮಿಲಿಮೀಟರ್. .22 ಎಂದರೆ 5.5 ಮಿಲಿಮೀಟರ್. ಇವೆರಡೇ ಹೆಚ್ಚು ಬಳಕೆಯಲ್ಲಿವೆ. .25, ಅಂದರೆ 6.35 ಮಿಲಿಮೀಟರಿನದೂ ಇದೆ.

ಏರ್‌ಗನ್ನಿನಲ್ಲಿ ಮದ್ದು ಸಿಡಿಯುವುದಿಲ್ಲ. ಸ್ಪ್ರಿಂಗ್ ತಳ್ಳುವ ಪಿಸ್ಟನ್ ಅಥವಾ ಸಿಲಿಂಡರಿನಲ್ಲಿ ಮೊದಲೇ ತುಂಬಿದ ಒತ್ತಡದ ಗಾಳಿ ಗುಂಡನ್ನು ಹೊರಗೆ ನೂಕುತ್ತದೆ. ಈ ಗುಂಡಿಗೆ ಪೆಲೆಟ್ ಎನ್ನುತ್ತಾರೆ. ಸಾಮಾನ್ಯವಾಗಿ ಸೀಸದ್ದು, ನಡು ಸಣ್ಣದಾಗಿ ಡಮರುಗದಂತೆ ಕಾಣುತ್ತದೆ.

ದೊಡ್ಡ ಗುಂಡು ಎಂದರೆ ಹೆಚ್ಚು ಶಕ್ತಿಯೇ?

ಇಲ್ಲ. ಶಕ್ತಿ ಬರುವುದು ಬಂದೂಕಿನ ಸ್ಪ್ರಿಂಗ್‌ನಿಂದ ಅಥವಾ ಗಾಳಿಯ ಒತ್ತಡದಿಂದ, ಗುಂಡಿನ ಗಾತ್ರದಿಂದ ಅಲ್ಲ. ಒಂದೇ ಮಾದರಿಯ ಸ್ಪ್ರಿಂಗ್ ರೈಫಲ್ಲನ್ನು ಎರಡೂ ಕ್ಯಾಲಿಬರಿನಲ್ಲಿ ತಯಾರಿಸಿದರೆ ಹೊರಬರುವ ಶಕ್ತಿ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಆ ಶಕ್ತಿ ಹಂಚಿಕೆಯಾಗುವ ರೀತಿ. ಹಗುರ ಗುಂಡು ವೇಗವಾಗಿ ಹೋಗುತ್ತದೆ, ಭಾರದ ಗುಂಡು ನಿಧಾನವಾಗಿ ಹೋಗುತ್ತದೆ. ಶಾಲೆಯಲ್ಲಿ ಓದಿದ ಚಲನಶಕ್ತಿಯ ಸೂತ್ರವೇ ಇಲ್ಲಿಯೂ ಅನ್ವಯಿಸುತ್ತದೆ.

ಒಂದು ಲೆಕ್ಕ ಮಾಡೋಣ. ಎರಡು ರೈಫಲ್‌ಗಳದ್ದೂ 16 ಜೂಲ್ ಶಕ್ತಿ ಎಂದಿಟ್ಟುಕೊಳ್ಳಿ. .177ರ ಗುಂಡು ಸುಮಾರು 0.55 ಗ್ರಾಂ ಇದ್ದರೆ ಅದು ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಡುತ್ತದೆ. .22ರ ಗುಂಡು ಸುಮಾರು 1 ಗ್ರಾಂ ಇದ್ದರೆ ಸುಮಾರು 180 ಮೀಟರ್ ವೇಗ. 30 ಮೀಟರ್ ದೂರ ಹೋಗುವಷ್ಟರಲ್ಲಿ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಮೊದಲನೆಯದು ಸುಮಾರು 7.5 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಎರಡನೆಯದು ಸುಮಾರು 14 ಸೆಂಟಿಮೀಟರ್. ಅಂದರೆ .22ರಲ್ಲಿ ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ಹೆಚ್ಚು ತಪ್ಪುತ್ತದೆ.

ಹಾಗಾದರೆ .22ರಿಂದ ಲಾಭವೇ ಇಲ್ಲವೇ? ಇದೆ. ಅದರ ಮುಖ .177ಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದು. ತಗುಲಿದ ಕಡೆ ಅಗಲವಾದ ಗಾಯ ಮಾಡುತ್ತದೆ, ಶಕ್ತಿಯನ್ನು ಬೇಗ ಬಿಟ್ಟುಕೊಡುತ್ತದೆ. ಅದಕ್ಕೇ ಬ್ರಿಟನ್ನಿನಂಥ ದೇಶಗಳಲ್ಲಿ ಇಲಿ, ಮೊಲದ ಹಾವಳಿ ತಡೆಯಲು ಹಲವರು .22 ಆಯ್ಕೆ ಮಾಡುತ್ತಾರೆ. ಆದರೆ ಅಲ್ಲಿನ ನುರಿತವರೂ ಒಂದು ಮಾತು ಒತ್ತಿ ಹೇಳುತ್ತಾರೆ: ಪ್ರತಿ ಸಲವೂ ಒಂದು ಇಂಚಿನ ವೃತ್ತದೊಳಗೆ ಹೊಡೆಯಲು ಬಾರದಷ್ಟು ದೂರದಿಂದ ಪ್ರಾಣಿಗೆ ಗುರಿ ಇಡಬಾರದು. ತಪ್ಪಿದ ಗುಂಡು ಪ್ರಾಣಿಯನ್ನು ಕೊಲ್ಲುವುದಿಲ್ಲ, ದಿನಗಟ್ಟಲೆ ನರಳಿಸುತ್ತದೆ.

ಜಾಹೀರಾತಿನ "1200 ಎಫ್‌ಪಿಎಸ್" ನಂಬಬಹುದೇ?

ಎಫ್‌ಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಅಡಿ ಎಂಬ ಲೆಕ್ಕ. 1200 ಅಡಿ ಎಂದರೆ ಸುಮಾರು 366 ಮೀಟರ್. ಶಬ್ದದ ವೇಗಕ್ಕಿಂತಲೂ (ಸುಮಾರು 343 ಮೀಟರ್) ಹೆಚ್ಚು! ಇಂಥ ಅಂಕಿ ಬರುವುದು ಬಹಳ ಹಗುರವಾದ ಮಿಶ್ರಲೋಹದ ಗುಂಡು ಹಾಕಿ ಅಳೆದಾಗ. ಮಾಮೂಲಿ ಸೀಸದ ಗುಂಡಿನಲ್ಲಿ ಆ ವೇಗ ಸಿಗುವುದಿಲ್ಲ. ಸಿಕ್ಕರೂ ಪ್ರಯೋಜನವಿಲ್ಲ, ಏಕೆಂದರೆ ಶಬ್ದದ ವೇಗದ ಆಸುಪಾಸಿನಲ್ಲಿ ಡಮರುಗದ ಆಕಾರದ ಗುಂಡು ಓಲಾಡಿ ಗುರಿ ತಪ್ಪುತ್ತದೆ.

ಗುರಿ ಅಭ್ಯಾಸಕ್ಕೆ ಯಾವುದು?

ಇದರಲ್ಲಿ ಗೊಂದಲವೇ ಬೇಡ, .177. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆ ನಡೆಯುವುದು 4.5 ಮಿಲಿಮೀಟರ್ ಕ್ಯಾಲಿಬರಿನಲ್ಲಿ ಮಾತ್ರ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದೂ, 2012ರಲ್ಲಿ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದೂ ಇದೇ ಸ್ಪರ್ಧೆಯಲ್ಲಿ.

ಆ ಗುರಿಹಲಗೆಯ ಒಟ್ಟು ಅಗಲ 45.5 ಮಿಲಿಮೀಟರ್. ನಡುವಿನ ಹತ್ತರ ಚುಕ್ಕಿ ಕೇವಲ ಅರ್ಧ ಮಿಲಿಮೀಟರ್! ಈ ಪರಿಯ ನಿಖರತೆಗೆ ಬೇಕಾದ ಶಕ್ತಿ ಎಷ್ಟು ಗೊತ್ತೇ? ಸ್ಪರ್ಧೆಯ ರೈಫಲ್‌ಗಳ ಗುಂಡು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಹೋಗುತ್ತದೆ, ಅಂದರೆ ಸುಮಾರು 8 ಜೂಲ್. ಚಿನ್ನದ ಪದಕಕ್ಕೆ ಇಷ್ಟು ಸಾಕು. ಮಕ್ಕಳ ಅಭ್ಯಾಸಕ್ಕೆ "ಪವರ್‌ಫುಲ್" ರೈಫಲ್ ಹುಡುಕುವುದು ಹಣ ದಂಡ. .177ರ ಗುಂಡುಗಳು ಸಾಮಾನ್ಯವಾಗಿ ಅಗ್ಗ, ಸುಲಭವಾಗಿ ಸಿಗುತ್ತವೆ. ಕಾಗದದ ಗುರಿಗೆ ಚಪ್ಪಟೆ ಮುಖದ ಪೆಲೆಟ್ ಕೊಳ್ಳಿ, ದುಂಡಗೆ ಶುಭ್ರವಾದ ತೂತು ಬೀಳುತ್ತದೆ.

ಲೈಸೆನ್ಸ್ ಬೇಡವೇ?

ಸಂದೇಶದ ಅತಿ ಅಪಾಯದ ಸುಳ್ಳು ಇದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್‌ಗನ್ನಿನ ಕ್ಯಾಲಿಬರ್ .177 (4.5 ಮಿಲಿಮೀಟರ್) ಮೀರಿದರೆ ಅಥವಾ ಶಕ್ತಿ 20 ಜೂಲ್ ಮೀರಿದರೆ ಪರವಾನಗಿ ಬೇಕು. ಎರಡರಲ್ಲಿ ಒಂದು ಮೀರಿದರೂ ಸಾಕು. ಅಂದರೆ .22 ಏರ್ ರೈಫಲ್ ಎಷ್ಟೇ ಕಡಿಮೆ ಶಕ್ತಿಯದ್ದಾದರೂ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. "ಎಲ್ಲರೂ ಇಟ್ಕೊಂಡಿದ್ದಾರೆ" ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಕೇಸು ಬೀಳುವುದು ಇಟ್ಟುಕೊಂಡವರ ಮೇಲೆ. .177 ಕೊಂಡರೂ ಕ್ಯಾಲಿಬರ್ ಮತ್ತು ಶಕ್ತಿ ನಮೂದಿಸಿದ ಬಿಲ್ ಕೇಳಿ ಪಡೆದು ಜೋಪಾನವಾಗಿಡಿ.

ಕೋತಿ, ಹಂದಿ, ನವಿಲಿಗೆ ಹೊಡೆಯಬಹುದೇ?

ಹೊಡೆಯುವಂತಿಲ್ಲ. ಬೆಳೆ ಕಳೆದುಕೊಂಡ ರೈತರ ಸಂಕಟ ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನವಿಲು, ಕೋತಿ, ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಕೊಲ್ಲಲು ಪ್ರಯತ್ನಿಸುವುದೂ ಸೇರುತ್ತದೆ. "ಹೆದರಿಸೋಕೆ ಒಂದು ಹೊಡೆದೆ ಅಷ್ಟೇ" ಎಂಬುದು ಉತ್ತರವಾಗುವುದಿಲ್ಲ. ಬೀದಿನಾಯಿಗೆ ಹೊಡೆದರೂ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೇಲಾಗಿ ಏರ್‌ಗನ್ನಿನ ಗುಂಡಿಗೆ ಹಂದಿ ಸಾಯುವುದಿಲ್ಲ, ಗಾಯಗೊಂಡು ತಿರುಗಿ ನುಗ್ಗುತ್ತದೆ. ಬೆಳೆ ಹಾನಿಯಾದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದೇ ಸರಿಯಾದ ದಾರಿ.

ಇಲಿಗಾದರೆ?

ಮನೆ, ಗೋದಾಮಿನ ಇಲಿಗೆ ಆ ರಕ್ಷಣೆ ಇಲ್ಲ ನಿಜ. ಆದರೆ ಇಲಿ ಗರ್ಭ ಧರಿಸಿ ಮೂರೇ ವಾರದಲ್ಲಿ ಮರಿ ಹಾಕುತ್ತದೆ, ಒಂದು ಸೂಲಿಗೆ ಆರರಿಂದ ಹತ್ತು ಮರಿ ಸಾಮಾನ್ಯ. ನೀವು ರಾತ್ರಿಯೆಲ್ಲ ಕಾದು ಕೂತು ಎರಡು ಹೊಡೆಯುವಷ್ಟರಲ್ಲಿ ಅಲ್ಲಿ ಇನ್ನೊಂದು ಸಂಸಾರ ಹುಟ್ಟಿರುತ್ತದೆ. ಬಿಲ ಮುಚ್ಚುವುದು, ಕಾಳುಕಡ್ಡಿ ಮುಚ್ಚಿಡುವುದು, ಬೋನು ಇಡುವುದು ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಮನೆಯೊಳಗೆ ಹಾರಿಸಿದ ಗುಂಡು ಗೋಡೆ, ಸಿಮೆಂಟ್ ನೆಲಕ್ಕೆ ಬಡಿದು ವಾಪಸ್ ಚಿಮ್ಮುವ ಅಪಾಯವೂ ಇದೆ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇಲಿ ಜ್ವರ ಹರಡಬಹುದು.

ಇದು ಆಟಿಕೆ ಅಲ್ಲ

ಸೆಕೆಂಡಿಗೆ ಸುಮಾರು 100 ಮೀಟರ್ ವೇಗದ ಪೆಲೆಟ್ಟೇ ಮನುಷ್ಯನ ಚರ್ಮ ಸೀಳಿ ಒಳಹೋಗಬಲ್ಲದು. ಕಣ್ಣಿಗೆ ಅದಕ್ಕಿಂತ ಕಡಿಮೆ ವೇಗವೂ ಸಾಕು. ಆದ್ದರಿಂದ ಇಷ್ಟನ್ನು ತಪ್ಪದೆ ಪಾಲಿಸಿ:

- ಗುಂಡು ಇರಲಿ, ಇಲ್ಲದಿರಲಿ, ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡಿ.
- ಗುರಿಯ ಹಿಂದೆ ಗುಂಡನ್ನು ಹಿಡಿದು ನಿಲ್ಲಿಸುವಂಥದ್ದು ಏನಾದರೂ ಇರಲೇಬೇಕು. ತಪ್ಪಿದ ಗುಂಡು ನೂರಾರು ಮೀಟರ್ ಹೋಗಬಲ್ಲದು.
- ಹೊಡೆಯುವವರೂ ಪಕ್ಕದಲ್ಲಿರುವವರೂ ರಕ್ಷಣಾ ಕನ್ನಡಕ ಹಾಕಿಕೊಳ್ಳಿ.
- ಮಕ್ಕಳು ದೊಡ್ಡವರ ಕಣ್ಣೆದುರೇ ಅಭ್ಯಾಸ ಮಾಡಲಿ. ಕೆಲಸ ಮುಗಿದ ಮೇಲೆ ಬೀಗ ಹಾಕಿಡಿ.
- ಸೀಸದ ಗುಂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟ ಮಾಡಿ. ಗುಂಡನ್ನು ಬಾಯಲ್ಲಿ ಇಟ್ಟುಕೊಳ್ಳಲೇಬೇಡಿ.
- ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಒತ್ತಬೇಡಿ, ಗುಂಡು ತೆಗೆಯಲು ಹೋಗಬೇಡಿ. ಕಣ್ಣಿಗೆ ತಾಗದಂತೆ ಒಂದು ಲೋಟ ಮುಚ್ಚಿ ಹಿಡಿದು ತಕ್ಷಣ ಕಣ್ಣಿನ ಆಸ್ಪತ್ರೆಗೆ ಹೋಗಿ.

ಒಟ್ಟಿನಲ್ಲಿ ಹೇಳುವುದಾದರೆ

ಗುರಿ ಅಭ್ಯಾಸಕ್ಕೆ 20 ಜೂಲ್ ಒಳಗಿನ .177 ಸಾಕು, ನಮ್ಮಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದದ್ದೂ ಅದೇ. .22 ಬೇಕೆಂದರೆ ಮೊದಲು ಪರವಾನಗಿ, ಆಮೇಲೆ ಬಂದೂಕು. ಕಾಡುಪ್ರಾಣಿಗೆ ಹೊಡೆಯಲು ಯಾವ ಕ್ಯಾಲಿಬರೂ ಸರಿಯಲ್ಲ. "ಲೈಸೆನ್ಸ್ ಬೇಡ, ತಗೊಳ್ಳಿ" ಎಂಬ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬಿ ಬಂದೂಕು ಕೊಂಡು ಜೈಲಿಗೆ ಹೋಗುವವರು ನಿಮ್ಮದೇ ಊರಿನವರಾಗಿರಬಹುದು.