ದಾಲ್ಚಿನ್ನಿಯೂ ಅದರ ಉಪಯೋಗವೂ

ಕಳೆದ ಮಳೆಗಾಲದಲ್ಲಿ ಮಲೆನಾಡಿನ ಒಂದು ಹಳ್ಳಿಗೆ ಸರ್ಕೀಟು ಹೋಗಿದ್ದಾಗ, ಅಡಿಕೆ ತೋಟದ ಯಜಮಾನರಾದ ಹಿರಿಯರೊಬ್ಬರು ಒಂದು ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. “ಸಕ್ಕರೆ ಕಾಯಿಲೆಗೆ ಚಕ್ಕೆಪುಡಿ ಒಳ್ಳೆಯದೆಂದು ಹೇಳಿದರು, ಸ್ವಾಮಿ. ಆರು ತಿಂಗಳಿಂದ ದಿನಕ್ಕೊಂದು ಚಮಚ ಬಿಸಿನೀರಿನಲ್ಲಿ ಕದಡಿ ಕುಡಿಯುತ್ತಿದ್ದೇನೆ” ಎಂದರು. ಅದು ಯಾವ ಚಕ್ಕೆಯೆಂದು ನಾನು ಕೇಳಲಾಗಿ, “ಚಕ್ಕೆಯಲ್ಲಿಯೂ ಬೇರೆ ಬೇರೆ ಉಂಟೇ?” ಎಂದು ಅವರೇ ನನ್ನನ್ನು ಕೇಳಿದರು. ವಾಚಕರಲ್ಲಿಯೂ ಅನೇಕರಿಗೆ ಈ ಸಂದೇಹವಿರಬಹುದು.

ಉಂಟು. ನಿಜವಾದ ದಾಲ್ಚಿನ್ನಿಯು ಸಿಂಹಳದ, ಎಂದರೆ ಇಂದಿನ ಶ್ರೀಲಂಕೆಯ, ಮರದ ಒಳತೊಗಟೆ. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ದಪ್ಪ ಚಕ್ಕೆಯಾದರೋ ಚೀನ, ವಿಯಟ್ನಾಂ, ಇಂಡೊನೇಷಿಯ ಮೊದಲಾದ ದೇಶಗಳಿಂದ ಬರುವ, ಅದೇ ಕುಲದ ಬೇರೆ ಮರಗಳದು. ಇದಕ್ಕೆ ಕೇಸಿಯ ಎಂದು ಹೆಸರು. 2011ರ ಆಹಾರ ಸುರಕ್ಷತಾ ನಿಬಂಧನೆಗಳಲ್ಲಿಯೂ ದಾಲ್ಚಿನ್ನಿ ಬೇರೆ, ‘ತಜ್’ ಎಂಬ ಕೇಸಿಯ ಬೇರೆ. ಗುರುತಿಸುವುದು ಕಷ್ಟವಲ್ಲ. ದಾಲ್ಚಿನ್ನಿಯು ಕಾಗದದಷ್ಟು ತೆಳುವಾದ ಅನೇಕ ಪದರಗಳು ಒಂದರೊಳಗೊಂದು ಸುತ್ತಿಕೊಂಡ ಸುರುಳಿ, ಬಣ್ಣ ತಿಳಿಗಂದು, ಬೆರಳಿನಿಂದ ಒತ್ತಿದರೆ ಪುಡಿಯಾಗುವುದು, ಪರಿಮಳ ಸೌಮ್ಯ. ಕೇಸಿಯವು ಒಂದೇ ಪದರದ ಗಡುಸಾದ ಕೆಂಗಂದು ತುಂಡು; ಖಾರ ಹೆಚ್ಚು. ಪುಡಿಯಾದ ಮೇಲೆ ಕಣ್ಣಿಗೆ ಯಾವ ಭೇದವೂ ತಿಳಿಯದು. ಆದುದರಿಂದ ಪುಡಿಯನ್ನು ಕೊಳ್ಳಲೇಬಾರದೆಂದು ನನ್ನ ಅಭಿಪ್ರಾಯ.

ಈ ಭೇದವು ಬರಿಯ ರುಚಿಯ ಮಾತಲ್ಲ. ಕೇಸಿಯದಲ್ಲಿ ಕೂಮರಿನ್ ಎಂಬ ದ್ರವ್ಯವುಂಟು. ಬಹುಕಾಲ ಹೆಚ್ಚಾಗಿ ಹೊಟ್ಟೆಗೆ ಸೇರಿದರೆ ಇದು ಕೆಲವರ ಯಕೃತ್ತನ್ನು ಕೆಡಿಸುವುದು. ನಿಜವಾದ ದಾಲ್ಚಿನ್ನಿಯಲ್ಲಿ ಇದು ಲೇಶಮಾತ್ರ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಇದಕ್ಕೆ ವಿಧಿಸಿರುವ ಮಿತಿಯು ದಿನವೊಂದಕ್ಕೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.1 ಮಿಲಿಗ್ರಾಂ, 60 ಕಿಲೋ ತೂಗುವವರಿಗೆ 6 ಮಿಲಿಗ್ರಾಂ. ಕೇಸಿಯ ಪುಡಿಯ ಒಂದು ಕಿಲೋವಿನಲ್ಲಿ ಸುಮಾರು 3 ಗ್ರಾಂ ಕೂಮರಿನ್ ಇದ್ದರೆ, 2 ಗ್ರಾಂ ಪುಡಿಯಲ್ಲಿಯೇ ಆ ಮಿತಿಯು ಮುಗಿಯಿತು. ನಮ್ಮ ಹಿರಿಯರ ಚಮಚದಲ್ಲಿ ಅದಕ್ಕಿಂತ ಹೆಚ್ಚಾಗಿಯೇ ಹಿಡಿಯುತ್ತಿದ್ದಿತು.

ಇನ್ನು ಗುಣದ ವಿಚಾರ. ಸಕ್ಕರೆ ಕಾಯಿಲೆಯ ಮೇಲೆ ನಡೆದ 10 ಪ್ರಯೋಗಗಳನ್ನು, ಅವುಗಳಲ್ಲಿ ಸೇರಿದ್ದ 577 ಜನರ ಫಲಿತಾಂಶಗಳೊಡನೆ, ಕಾಕ್ರೇನ್ ಸಂಸ್ಥೆಯವರು 2012ರಲ್ಲಿ ಪರಿಶೀಲಿಸಿ, ಇದನ್ನು ಔಷಧವೆಂದು ಹೇಳಲು ಆಧಾರ ಸಾಲದೆಂದು ತಿಳಿಸಿದರು. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಚಕ್ಕೆಯನ್ನು ನಂಬುವುದು ಅಪಾಯ. ಆದರೆ ಇದು ನಿಷ್ಪ್ರಯೋಜಕವೆಂದೂ ಭಾವಿಸಬಾರದು. ಹೊಟ್ಟೆಯುಬ್ಬರ, ಬಾಯಿಯ ದುರ್ವಾಸನೆ, ಕೆಮ್ಮುಗಳಿಗೆ ನಮ್ಮ ವೈದ್ಯರು ಇದನ್ನು ‘ತ್ವಕ್’ ಎಂಬ ಹೆಸರಿನಿಂದ ಬಹುಕಾಲದಿಂದ ಬಳಸಿರುವರು. ಅವರ ಅಳತೆಯನ್ನು ಮಾತ್ರ ನೋಡಬೇಕು. ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16 ಭಾಗ, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2. ದಾಲ್ಚಿನ್ನಿ ಕೇವಲ 1. ಮೂವತ್ತೊಂದರಲ್ಲಿ ಒಂದು ಭಾಗ! ಬಿಸಿಬೇಳೆ ಹುಳಿಯನ್ನಕ್ಕೋ ವಾಂಗೀಭಾತಿಗೋ ಗೃಹಿಣಿಯರು ಹಾಕುವ ಒಂದೆರಡು ತುಂಡು ಯಾವ ಚಕ್ಕೆಯಾದರೂ ಭಯಪಡಬೇಕಾದುದಿಲ್ಲ. ಅಭ್ಯಾಸವಾಗಿ ನಿತ್ಯವೂ ಕಷಾಯ ಕುಡಿಯುವವರು ಮಾತ್ರ ನಿಜವಾದ ದಾಲ್ಚಿನ್ನಿಯನ್ನೇ ಆರಿಸಿಕೊಳ್ಳತಕ್ಕದ್ದು.

ಅದಕ್ಕಾಗಿ ಪೇಟೆಯನ್ನೇ ನೆಚ್ಚಬೇಕಾಗಿಲ್ಲ. ಮಲೆನಾಡು, ಕರಾವಳಿಗಳ ಹವೆಯು ಈ ಮರಕ್ಕೆ ಒಗ್ಗುವುದು. ಘಟ್ಟದ ಕಾಡುಗಳಲ್ಲಿ ಇದೇ ಕುಲದ ಬೇರೆ ಮರಗಳೂ ಇರುವುದರಿಂದ, ನಂಬಿಕೆಯ ಸ್ಥಳದಿಂದಲೇ ಸಸಿಗಳನ್ನು ತರಬೇಕು. ಕಲ್ಲಿಕೋಟೆಯ ಸಾಂಬಾರ ಬೆಳೆಗಳ ಸಂಶೋಧನ ಸಂಸ್ಥೆಯವರ ನವಶ್ರೀ, ನಿತ್ಯಶ್ರೀ ಎಂಬ ತಳಿಗಳು ಉತ್ತಮ. ಬೀಜದಿಂದ ಬೆಳೆಸುವುದಾದರೆ ಹಣ್ಣು ಕಿತ್ತೊಡನೆಯೇ ಬಿತ್ತಬೇಕು. ಒಣಗಿದ ಬೀಜವು ಬೇಗನೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಸಸಿಗಳ ನಡುವೆ ಹತ್ತು ಅಡಿ ಅಂತರವಿರಲಿ. ಎರಡು ಮೂರು ವರ್ಷದ ಗಿಡವನ್ನು ನೆಲದಿಂದ ಅರ್ಧ ಗೇಣು ಬಿಟ್ಟು ಕಡಿದರೆ ಬುಡದಿಂದ ಚಿಗುರುಗಳೊಡೆಯುವುವು. ಅವು ಹೆಬ್ಬೆರಳು ಗಾತ್ರವಾದಾಗ ಕೊಯ್ಲು. ಕೆಂಪು ಕುಡಿಯೆಲೆಗಳು ಹಸಿರಿಗೆ ತಿರುಗಿ, ತೊಗಟೆಯು ಸಲೀಸಾಗಿ ಬಿಡುವ ಸಮಯವನ್ನು ನೋಡಿ, ಹೊರಸಿಪ್ಪೆಯನ್ನು ಹೆರೆದು, ಹಿತ್ತಾಳೆಯ ಸರಳಿನಿಂದ ತಿಕ್ಕಿ, ಒಳತೊಗಟೆಯನ್ನು ಸುಲಿಯಬೇಕು. ಮೊದಲು ನೆರಳಿನಲ್ಲಿ, ಅನಂತರ ಬಿಸಿಲಿನಲ್ಲಿ ಒಣಗಿಸಿದರೆ ಸುರುಳಿ ತಾನಾಗಿ ಸುತ್ತಿಕೊಳ್ಳುವುದು. ಎಲೆಗಳನ್ನೂ ಎಸೆಯಬೇಡಿರಿ. ಲವಂಗದ ವಾಸನೆಯ ಆ ಎಲೆಗಳು ಪಲಾವಿಗೂ ಎಣ್ಣೆ ತೆಗೆಯುವುದಕ್ಕೂ ಬರುವುವು.

ಆ ಹಿರಿಯರನ್ನು ವೈದ್ಯರಲ್ಲಿಗೆ ಹೋಗುವಂತೆ ಹೇಳಿ ಎದ್ದೆನು. ಹಿತ್ತಲಿಗೆ ಬಂದು ನೋಡಿದರೆ, ಬಾವಿಯ ಪಕ್ಕದಲ್ಲಿಯೇ ಒಂದು ದಾಲ್ಚಿನ್ನಿಯ ಮರ! ಹತ್ತು ವರ್ಷಗಳ ಹಿಂದೆ ಸರ್ಕಾರಿ ಸಸ್ಯಕ್ಷೇತ್ರದಿಂದ ತಂದುದಂತೆ. “ಪಲಾವಿನ ಎಲೆಗೆಂದು ಇಟ್ಟುಕೊಂಡಿದ್ದೇವೆ” ಎಂದರು ಮನೆಯಾಕೆ. ಹೆಬ್ಬೆರಳು ಗಾತ್ರದ ಕೊಂಬೆಯೊಂದನ್ನು ಕಡಿಸಿ, ಅವರ ಮೊಮ್ಮಗನ ಕೈಗೆ ಕತ್ತಿಯನ್ನು ಕೊಟ್ಟು, ಸುಲಿಯುವ ಕ್ರಮವನ್ನು ತೋರಿಸಿದೆನು. ಮೊದಲನೆಯ ತುಂಡು ಹರಿಯಿತು. ಮೂರನೆಯದು ಇಡಿಯಾಗಿ ಬಂದಿತು.