ಮಳೆಗಾಲ ಚಳಿಗೆ ತಿರುಗುವ ಕುರುಹುಗಳು

ಬೇಸಿಗೆ ಕಳೆಯಿತೆಂಬುದನ್ನು ಮೊದಲ ಗುಡುಗೇ ಸಾರುತ್ತದೆ. ಆದರೆ ಮುಂಗಾರು ಸರಿದು ಶರದೃತು ಕಾಲಿಟ್ಟುದನ್ನು ಯಾರೂ ಸಾರುವುದಿಲ್ಲ. ಅದನ್ನು ಗಮನಿಸಿಯೇ ತಿಳಿಯಬೇಕು. ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಇಂದು ಮನೆಗಳೇ ತುಂಬಿವೆ. ಜಯನಗರ ಬಡಾವಣೆ 1948ರಲ್ಲಿ ಆರಂಭವಾಗುವ ಮುನ್ನ ಈ ಸೀಮೆ ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿಯಂತಹ ಹಳ್ಳಿ-ಕೆರೆಗಳದಾಗಿತ್ತು. ಹೊಲಗಳು ಹೋದರೂ ಋತುವಿನ ಕುರುಹುಗಳು ಉಳಿದಿವೆ. ಕನಕಪುರ ರಸ್ತೆ, ಆನೇಕಲ್ ಕಡೆಯ ರಾಗಿ ಬೆಳೆಗಾರರಿಗೂ ಹಿತ್ತಲಲ್ಲಿ ಅವರೆ ಹಬ್ಬಿಸುವವರಿಗೂ ಇವು ಉಪಯುಕ್ತ.

ಗಾಳಿ ಮತ್ತು ಮಳೆ

ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಬಿರುಗಾಳಿಗೆ ತೆಂಗಿನ ಗರಿಗಳು ಪೂರ್ವಕ್ಕೆ ವಾಲುತ್ತವೆ. ಸೆಪ್ಟೆಂಬರ್ ಕೊನೆಗೆ ಈ ಗಾಳಿ ತಗ್ಗಿ, ಅಕ್ಟೋಬರ್‌ನಲ್ಲಿ ಈಶಾನ್ಯಕ್ಕೆ ತಿರುಗುತ್ತದೆ. ನಡುವಿನ ದಿನಗಳಲ್ಲಿ ಹಗಲು ಬಿಸಿಲು ಕಾದು, ಸಂಜೆಗೆ ಗುಡುಗಿನ ಮಳೆ ಬೀಳುತ್ತದೆ. ಸೆಪ್ಟೆಂಬರ್ 27ರ ಸುಮಾರಿಗೆ ಹುಟ್ಟುವ ಹಸ್ತ ಮಳೆ, ಅದರ ನಂತರದ ಚಿತ್ತ ಮಳೆ ಈ ಬಗೆಯವು. ಸರಾಸರಿ ಲೆಕ್ಕದಲ್ಲಿ ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್, ಎರಡನೆಯದು ಅಕ್ಟೋಬರ್.

ಇಬ್ಬನಿ

ಮೋಡವಿಲ್ಲದ ರಾತ್ರಿ ಎಲೆಗಳು ಬೇಗ ತಣಿದು, ಗಾಳಿಯ ತೇವ ಅವುಗಳ ಮೇಲೆ ಹನಿಗಟ್ಟುತ್ತದೆ. ಹುಲ್ಲಿನ ಮೇಲಿನ ಜೇಡರ ಬಲೆಗಳು ಮುಂಜಾನೆ ಬೆಳ್ಳಗೆ ಕಂಡರೆ ಇಬ್ಬನಿ ಶುರುವಾಯಿತೆಂದು ತಿಳಿಯಬೇಕು. ರಾಗಿ ತೆನೆ ಬಿಡುವುದೂ ಇದೇ ಕಾಲ. ಜಿನುಗು ಮಳೆಯಿಂದಲೋ ಇಬ್ಬನಿಯಿಂದಲೋ ಪೈರು ಬಹಳ ಹೊತ್ತು ಒದ್ದೆಯಾಗಿದ್ದರೆ ಬೆಂಕಿ ರೋಗದ ಶಿಲೀಂಧ್ರ ಬೇರೂರುತ್ತದೆ. ತೆನೆಯ ಕುತ್ತಿಗೆ ಕಪ್ಪಾಗಿ, ಕಾಳು ಜೊಳ್ಳಾಗುತ್ತದೆ. ವರ್ಷದ ದುಡಿಮೆ ಕೈತಪ್ಪುತ್ತದೆ. ಆದ್ದರಿಂದ ಇಬ್ಬನಿ ಕಂಡ ದಿನದಿಂದ ದಿನ ಬಿಟ್ಟು ದಿನ ಹೊಲ ಸುತ್ತುವುದು ಅವಶ್ಯ. ರೋಗ ಕಂಡೊಡನೆ ರೈತ ಸಂಪರ್ಕ ಕೇಂದ್ರದ ಸಲಹೆಯಂತೆ ಔಷಧಿ ಸಿಂಪಡಿಸಬೇಕು. ಯೂರಿಯಾ ಮಿತಿಮೀರಬಾರದು. ಮುಂದಿನ ಬಿತ್ತನೆಗೆ ಈ ರೋಗವನ್ನು ತಡೆದುಕೊಳ್ಳುವ ಜಿ.ಪಿ.ಯು.-28 ತಳಿಯನ್ನು ಆರಿಸಿಕೊಳ್ಳಬಹುದು.

ಹಗಲು ಮತ್ತು ಹೂವು

ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಮನುಷ್ಯರಿಗೆ ಅಷ್ಟಾಗಿ ತಿಳಿಯದ ಈ ವ್ಯತ್ಯಾಸ ನಾಟಿ ಅವರೆಗೆ ತಿಳಿಯುತ್ತದೆ. ಹಗಲು ಕಿರಿದಾದ ಮೇಲೆಯೇ ಅದು ಹೂ ಬಿಡುವುದು. ಹುರುಳಿಯ ಸ್ವಭಾವವೂ ಇದೇ. ತೀರಾ ತಡವಾಗಿ ಬಿತ್ತಿದರೆ ಗಿಡ ಹರಡುವ ಮೊದಲೇ ಹೂ ಬಂದು ಇಳುವರಿ ಕುಗ್ಗುತ್ತದೆ. ಹೆಬ್ಬಾಳ ಅವರೆ ತಳಿಗಳಿಗೆ ಈ ಕಟ್ಟುಪಾಡಿಲ್ಲ. ರಾಗಿ ಹೊಲದ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾಗುವುದು, ಬಡಾವಣೆಯ ರಸ್ತೆಗಳಲ್ಲಿ ಬೆಳಗಿನ ಹೊತ್ತು ಆಕಾಶಮಲ್ಲಿಗೆ ಉದುರಿರುವುದು ಇದೇ ಕಾಲದ ಗುರುತುಗಳು.

ಎಚ್ಚರಿಕೆ

ಒಂದೇ ಕುರುಹನ್ನು ನಂಬಿ ಕೊಯ್ಲಿಗೆ ಇಳಿಯಬಾರದು. ನಾಲ್ಕು ದಿನ ಇಬ್ಬನಿ ಬಿದ್ದ ಮೇಲೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಮಳೆ ತರಬಲ್ಲದು. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಭಾರೀ ಮಳೆಯಾದುದು ಹಲವರಿಗೆ ನೆನಪಿರಬಹುದು. ಗಾಳಿ, ಇಬ್ಬನಿ, ಹೂವು ಮೂರನ್ನೂ ಹವಾಮಾನ ವರದಿಯೊಡನೆ ತಾಳೆ ನೋಡಿ, ಕೊಯ್ದ ತೆನೆಗೆ ಹೊದಿಕೆ ಸಿದ್ಧವಿಟ್ಟುಕೊಂಡೇ ಕುಡುಗೋಲು ಹಿಡಿಯುವುದು ಕ್ಷೇಮ. ಮೊದಲ ಇಬ್ಬನಿ, ಅವರೆಯ ಮೊದಲ ಹೂ ಕಂಡ ದಿನಗಳನ್ನು ಪ್ರತಿವರ್ಷ ಗುರುತು ಹಾಕಿಟ್ಟರೆ, ಕೆಲವೇ ವರ್ಷಗಳಲ್ಲಿ ಆ ಹೊಲದ್ದೇ ಆದ ಒಂದು ಪಂಚಾಂಗ ರೈತನ ಕೈಯಲ್ಲಿರುತ್ತದೆ.